ನಮ್ಮೂರ ಲೈಬ್ರರಿಯ ರಿಜಿಸ್ಟರ್ ಗುಜರಿಗೆ ಹಾಕಬೇಡಿ

ನಿನ್ನೆ ಸಂಜೆ ಹಾಲು ತರಲು ಹೋದವಳು ಪಂಚಾಯತ್ ಲೈಬ್ರರಿ ಎದುರು ನಿಂತುಬಿಟ್ಟೆ. ಜಗುಲಿ ಮೇಲೆ ಆರು ಗೋಣಿಚೀಲ. ಒಂದರ ಬಾಯಿಂದ ಕೆಂಪು ಬಟ್ಟೆ ಬೈಂಡಿನ ಉದ್ದನೆ ರಿಜಿಸ್ಟರ್ ಹೊರಗೆ ಬಂದಿತ್ತು. ಏನಿದು ಅಂತ ಕೇಳಿದೆ. "ಹಳೇದಲ್ವಾ ಅಕ್ಕ, ಗುಜರಿಗೆ ಹಾಕಲಿಕ್ಕೆ" ಅಂದರು. ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲೇ ಕೂತು ಬಿಡಿಸಿ ನೋಡಿದೆ. ಯಾರು ಯಾವ ಪುಸ್ತಕ ಒಯ್ದರು, ಯಾವಾಗ ತಂದುಕೊಟ್ಟರು, ಎಲ್ಲ ಇದೆ. ಜೂನ್, ಜುಲೈ ಪುಟಗಳು ಭರ್ತಿ. ಯಾಕೆ ಅಂತ ನಮ್ಮೂರವರಿಗೆ ಹೇಳಬೇಕಾ? ದೋಣಿಯೆಲ್ಲ ದಡದಲ್ಲಿ, ಮಳೆ ಬಿಡುವ ಲಕ್ಷಣ ಇಲ್ಲ, ಹಗಲೆಲ್ಲ ಬಲೆ ರಿಪೇರಿ ಮಾಡಿದವರು ಸಂಜೆ ಲೈಬ್ರರಿಗೆ ಬಂದು ಯಕ್ಷಗಾನ ಪ್ರಸಂಗದ ಪುಸ್ತಕಕ್ಕೆ ಸರದಿ ಕಾಯುತ್ತಿದ್ದರು. ಒಂದು ಸಾಲಿನಲ್ಲಿ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತಿದೆ. ಓದಲು ಬಾರದವರೂ ಪುಸ್ತಕ ಒಯ್ದಿದ್ದಾರೆ! ಮನೆಯಲ್ಲಿ ಮಕ್ಕಳ ಹತ್ತಿರ ಓದಿಸಿ ಕೇಳಿರಬೇಕು. ಇದನ್ನು ಕಿಲೋ ಲೆಕ್ಕದಲ್ಲಿ ಮಾರುವುದಾ?

ನಮ್ಮ ಜಿಲ್ಲೆ, ಅಂದರೆ ಆಗಿನ ದಕ್ಷಿಣ ಕನ್ನಡ, 1956ರವರೆಗೆ ಮದರಾಸು ರಾಜ್ಯಕ್ಕೆ ಸೇರಿತ್ತು. ಹಾಗಾಗಿ 1948ರ ಮದರಾಸು ಗ್ರಂಥಾಲಯ ಕಾಯ್ದೆ ನಮಗೂ ಬಂತು. ಅದಕ್ಕೆ ಪಟ್ಟು ಹಿಡಿದು ದುಡಿದವರು ಎಸ್. ಆರ್. ರಂಗನಾಥನ್. ಅವರು 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಮೇಷ್ಟ್ರಾಗಿ ಬಂದವರು ಅನ್ನುವುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆಮೇಲೆ 1965ರಲ್ಲಿ ನಮ್ಮ ರಾಜ್ಯದ್ದೇ ಕಾಯ್ದೆ ಆಯಿತು. ಇವತ್ತಿಗೂ ಮನೆ ತೆರಿಗೆ ನೂರು ರೂಪಾಯಿ ಇದ್ದರೆ ಅದರ ಮೇಲೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಅಂದ ಮೇಲೆ ಆ ಗೋಣಿಯಲ್ಲಿರುವುದು ನಮ್ಮ ಸ್ವತ್ತು. ಮಾರುವ ಮೊದಲು ಊರವರನ್ನು ಒಂದು ಮಾತು ಕೇಳಬಾರದಿತ್ತಾ?

ಈಗ ಎಲ್ಲ ಮೊಬೈಲಲ್ಲೇ ಸಿಗುತ್ತದೆ ಅನ್ನುತ್ತೀರಿ. ಸಿಗಲಿ. 2019ರಲ್ಲಿ ಈ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಗೆ ಹೋದವು, ಈಗ ಅರಿವು ಕೇಂದ್ರ ಅಂತ ಹೆಸರು, ಕಂಪ್ಯೂಟರ್ ಬಂದಿದೆ, ಮಕ್ಕಳು ಬರುತ್ತಾರೆ. ನನಗೆ ನಿಜಕ್ಕೂ ಖುಷಿ. ಆದರೆ ಆ ಹೆಬ್ಬೆಟ್ಟು ಯಾವ ಮೊಬೈಲಲ್ಲಿ ಸಿಗುತ್ತದೆ? ಒರಲೆ ಹಿಡಿದಿದೆ ಅಂತಾರೆ. ಉಪ್ಪುಗಾಳಿ, ನಾಲ್ಕು ತಿಂಗಳು ಮಳೆ, ಹಿಡಿಯದೆ ಇರುತ್ತದಾ? ಬಿಸಿಲಿಗೆ ಹಾಕಿ, ಒಂದು ಕಬ್ಬಿಣದ ಕಪಾಟು ತನ್ನಿ. ಹಾಳಾದದ್ದನ್ನು ಬಿಡಿ, ಉಳಿದದ್ದನ್ನಾದರೂ ಇಡಿ.

ನನ್ನ ತಪ್ಪೂ ಇದೆ, ಹೇಳಿಯೇ ಬಿಡುತ್ತೇನೆ. ಆ ಬಾಗಿಲು ದಾಟಿ ಹನ್ನೊಂದು ವರ್ಷ ಆಗಿತ್ತು. ಹೈಸ್ಕೂಲಿನಲ್ಲಿ ದಿನಾ ಹೋಗುತ್ತಿದ್ದವಳು ನಾನು. ರಿಜಿಸ್ಟರಲ್ಲಿ ಅಪ್ಪನ ಸಹಿ ಸಿಕ್ಕಿತು, ಹದಿನಾಲ್ಕು ಕಡೆ. ಅಪ್ಪ ಇಷ್ಟು ಓದುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ಸೋಮವಾರದವರೆಗೆ ಚೀಲ ಕೊಡಬೇಡಿ ಅಂತ ಹೇಳಿ ಬಂದಿದ್ದೇನೆ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಪಂಚಾಯತ್ ಆಫೀಸಿಗೆ ಹೋಗುತ್ತೇನೆ. ಊರಲ್ಲಿದ್ದವರು ಬನ್ನಿ. ನಿಮ್ಮ ಮನೆಯವರ ಸಹಿಯೂ ಅದರಲ್ಲಿ ಇರಬಹುದು.