ಸ್ಲೈಡ್ ತಿದ್ದುವ ಮೊದಲು ತೋಟಕ್ಕೆ ಹೋಗಿ ಬನ್ನಿ

ನಿನ್ನೆ ಶಿರಸಿಯಲ್ಲಿ ಹೊಸ ಸ್ಟಾರ್ಟಪ್ ತಂಡಗಳ ಜೊತೆ, ಸಲಹೆ ಕೊಡುವ ಮೆಂಟರ್ ಆಗಿ, ಇಡೀ ದಿನ ಕೂತಿದ್ದೆ. ಮನೆಗೆ ಬಂದು ಊಟ ಆದಮೇಲೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೂರು ಜನರ ತಂಡ. ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಮೂವರೂ ನಮ್ಮ ಕಡೆಯವರೇ, ಅಡಿಕೆ ತೋಟದ ಮನೆಯ ಮಕ್ಕಳು. ಮಳೆಗಾಲದಲ್ಲಿ ಮದ್ದು ಹೊಡೆಯುವವರು ಸಿಗೋದಿಲ್ಲ ಅನ್ನೋದು ಇಲ್ಲಿ ಎಲ್ಲರ ಮನೆಯ ಗೋಳು, ಅಲ್ವಾ? ಅದಕ್ಕೊಂದು ಆಪ್ ಮಾಡುತ್ತಿದ್ದಾರೆ. ತೋಟದವರು ಅದರಲ್ಲಿ ಕೊನೆಗೌಡರನ್ನು, ಅಂದರೆ ಅಡಿಕೆ ಮರಕ್ಕೆ ಮದ್ದು ಹೊಡೆದು ಕೊನೆ (ಅಡಿಕೆ ಗೊನೆ) ಕೊಯ್ಯುವವರನ್ನು, ಬುಕ್ ಮಾಡಬಹುದು.

ತಂಡದ ಒಬ್ಬ ಹುಡುಗಿ ಸ್ಲೈಡ್ ತೋರಿಸಲು ಶುರು ಮಾಡಿದ್ದೇ ಒಬ್ಬ ಕೊನೆಗೌಡರ ಮಾತಿನಿಂದ. ಅವರ ಮನೆ ಜಗಲಿಯಲ್ಲಿ ಕೂತು ಆಪ್ ತೋರಿಸಿದಾಗ ಅವರು ಹೇಳಿದರಂತೆ: "ತಂಗೀ, ಮಳೆ ಬಿಟ್ಟು ಹೊಳವಾದ ದಿನ ಬೆಳಕು ಹರಿಯೋದ್ರೊಳಗೆ ನಂಗೆ ಇಪ್ಪತ್ತು ಫೋನ್ ಬರ್ತದೆ. ಇನ್ನೊಂದು ಎಂತಕ್ಕೆ? ನಂಗೆ ಕೆಲಸ ಕಡಿಮೆ ಇಲ್ಲ, ಆಳು ಕಡಿಮೆ. ದೋಟಿ (ಮದ್ದು ಹೊಡೆಯೋ ಉದ್ದ ಕೋಲು) ಹಿಡಿಯೋ ಹುಡುಗ್ರು ಇದ್ರೆ ಹೇಳು."

ನಾನು ನೆಟ್ಟಗೆ ಕೂತೆ. ಇಡೀ ದಿನದಲ್ಲಿ ಕೇಳಿದ ಅತಿ ಬೆಲೆಯ ಮಾತು ಅದು.

ಪಕ್ಕದಲ್ಲಿದ್ದ ಇನ್ನೊಬ್ಬ ಮೆಂಟರ್, ಬೆಂಗಳೂರಿನಿಂದ ಬಂದವರು, ಹೇಳಿದ್ದೇ ಬೇರೆ. "ಈ ಸ್ಲೈಡ್ ತೆಗೀರಿ. ಅಡಿಕೆ ಅನ್ನಬೇಡಿ, ಇಡೀ ದೇಶದ ಕೃಷಿ ಕಾರ್ಮಿಕರು ಅನ್ನಿ. ಮಾರ್ಕೆಟ್ ದೊಡ್ಡದು ಕಾಣಬೇಕು. ಎಐ ಎಲ್ಲಿ?" ಹುಡುಗಿ "ಸರಿ ಸರ್" ಅಂದಳು. ನನ್ನ ಕಣ್ಣೆದುರೇ ಕೊನೆಗೌಡರ ಮಾತಿದ್ದ ಸ್ಲೈಡ್ ಅಳಿಸಿದಳು.

ನನ್ನ ಸಿಟ್ಟು ಇದೇ. ಆ ಮೆಂಟರ್ ಕೇಳಬೇಕಿದ್ದದ್ದು ಬೇರೆ. ಎಷ್ಟು ಕೊನೆಗೌಡರ ಜೊತೆ ಮಾತಾಡಿದ್ರಿ? ಅವರ ಒಂದು ದಿನ ಹೇಗೆ ಹೋಗುತ್ತೆ? ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದು ಮಳೆ ಶುರುವಾಗುವ ಹೊತ್ತಿಗೆ ಒಂದು ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಹೊಡೆದ ಮೇಲೆ ಕೊನೆಯ ಮೇಲೆ ಒಣಗೋದಕ್ಕೆ ಹೊಳವು ಬೇಕು. ಇಡೀ ಊರಿಗೆ ಹೊಳವು ಒಂದೇ ದಿನ ಬರುತ್ತೆ. ಎಲ್ಲರಿಗೂ ಕೊನೆಗೌಡರೇ ಬೇಕು, ಅವತ್ತೇ ಬೇಕು. ಮಂಗಳವಾರಕ್ಕೆ ಬುಕ್ ಮಾಡಿದರೆ ಮಂಗಳವಾರ ಮಳೆ. ಎಷ್ಟೋ ತೋಟಗಳಲ್ಲಿ ಸಿಗ್ನಲ್ಲೇ ಇಲ್ಲ. ಹಾಗಾದರೆ ಬೇಕಾಗಿರೋದು ಬುಕಿಂಗ್ ಆಪೋ, ಹೊಸ ಹುಡುಗರಿಗೆ ಫೈಬರ್ ದೋಟಿ ಕಲಿಸಿ ಕಳಿಸುವ ಕಂಪನಿಯೋ? ಈ ಮಕ್ಕಳ ಮುಂದಿನ ಎರಡು ವರ್ಷ ಈ ಪ್ರಶ್ನೆ ಮೇಲೆ ನಿಂತಿದೆ. ಅದನ್ನು ಎತ್ತಿಕೊಟ್ಟ ಮಾತನ್ನೇ ನಾವು ಅಳಿಸಿಬಿಟ್ಟೆವು.

ಇನ್ನೂ ಒಂದು ವಿಷಯ ಕೇಳಲಿಲ್ಲ. ಕಂಪನಿಯನ್ನು ಮೂವರೂ ಸಮಪಾಲು ಹಂಚಿಕೊಂಡಿದ್ದಾರೆ, ಕಾಗದದಲ್ಲಿ ಏನೂ ಬರೆದಿಲ್ಲ. ನಾಳೆ ಒಬ್ಬರು ಕೆಲಸ ಸಿಕ್ಕಿ ಹೋದರೆ? ಪಾಲು ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೈಗೆ ಬರಬೇಕು, ಮೊದಲ ವರ್ಷ ಮುಗಿಯೋ ತನಕ ಏನೂ ಇಲ್ಲ ಅಂತ ಈಗಲೇ ಬರೆದಿಡೋದು ರೂಢಿ. ಸ್ನೇಹ ಚೆನ್ನಾಗಿರುವಾಗಲೇ ಮಾಡಬೇಕಾದ ಕೆಲಸ ಅದು. ನಿನ್ನೆ ಅದಕ್ಕೆ ಸಮಯ ಇರಲಿಲ್ಲ, ಸ್ಲೈಡಿನ ಬಣ್ಣಕ್ಕೆ ಇತ್ತು.

"ಪಿಚ್ ಇಲ್ಲದೆ, ಅಂದರೆ ಸ್ಲೈಡ್ ತೋರಿಸಿ ದುಡ್ಡು ಕೊಡುವವರನ್ನು ಒಪ್ಪಿಸದೆ, ದುಡ್ಡು ಎಲ್ಲಿಂದ ಬರುತ್ತೆ?" ಅಂತ ಕೇಳುವವರಿದ್ದೀರಿ. ನಿಜ. ಸ್ಟಾರ್ಟಪ್‌ಗಳಿಗಾಗಿ ಇರುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಸಿಗುತ್ತೆ, ಅಲ್ಲೂ ತೀರ್ಪುಗಾರರ ಮುಂದೆ ನಿಂತು ಹೇಳಲೇಬೇಕು. ಆದರೆ ಅಲ್ಲಿ "ಇದನ್ನು ಯಾರು ಬಳಸ್ತಿದ್ದಾರೆ?" ಅಂತ ಒಬ್ಬರು ಕೇಳಿದರೆ ಇಡೀ ದೇಶದ ಮಾರ್ಕೆಟ್ ಉತ್ತರ ಕೊಡೋದಿಲ್ಲ. ಜಗಲಿಯಲ್ಲಿ ಕೂತು ಕೇಳಿ ಬಂದವಳು ಕೊಡುತ್ತಾಳೆ. ಸ್ಲೈಡ್ ಚೆಂದ ಮಾಡೋದನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಅದನ್ನೇ ಮೆಂಟರಿಂಗ್ ಅನ್ನೋದನ್ನು ನಾನು ಒಪ್ಪೋದಿಲ್ಲ.

ನಾನು ಈ ಕೆಲಸಕ್ಕೆ ದುಡ್ಡು ತಗೊಳ್ಳೋದಿಲ್ಲ, ಕಂಪನಿಯಲ್ಲಿ ಪಾಲೂ ಕೇಳೋದಿಲ್ಲ, ನಿಮಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ತಂಡಗಳ ಜೊತೆ ಕೂತು ಬಂದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರೋದಿಲ್ಲ. ಆ ಹುಡುಗಿ ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾಳೆ. ಮನೆಯಲ್ಲಿ ಅಮ್ಮ ಇನ್ನೂ ಒಪ್ಪಿಲ್ಲ. ನಾವು ಚಹಾ ಕುಡಿಯುತ್ತಾ ಹೇಳಿದ ಒಂದು ಮಾತು ನಂಬಿ ಈ ಮಕ್ಕಳು ಆರು ತಿಂಗಳು ಕೋಡ್ ಬರೆಯುತ್ತಾರೆ. ನಮಗೆ ಹೋಗೋದು ಒಂದು ಶನಿವಾರ. ಅವರಿಗೆ ಹೋಗೋದು ಉಳಿತಾಯದ ದುಡ್ಡು, ವಯಸ್ಸು, ಮನೆಯವರ ನಂಬಿಕೆ. ಪುಕ್ಕಟೆ ಕೊಡ್ತೀವಿ ಅಂತ ಏನು ಬೇಕಾದರೂ ಹೇಳಬಹುದಾ?

ಸಂಜೆ ಹೊರಡುವಾಗ ಆ ಮೂವರನ್ನು ನಿಲ್ಲಿಸಿ, ಅಳಿಸಿದ ಸ್ಲೈಡ್ ವಾಪಸ್ ಹಾಕಿ ಅಂದೆ. ಬರುವ ಭಾನುವಾರ ಅವರ ಜೊತೆ ಸಿದ್ದಾಪುರದ ಕಡೆ ಹೋಗುತ್ತಿದ್ದೇನೆ. ಲ್ಯಾಪ್‌ಟಾಪ್ ತರಬೇಡಿ, ನೋಟ್‌ಬುಕ್ ತನ್ನಿ ಅಂದಿದ್ದೇನೆ. ಆ ಕಡೆ ಮದ್ದು ಹೊಡೆಯುವವರ ಪರಿಚಯ ಇದ್ದರೆ ಇನ್‌ಬಾಕ್ಸ್‌ಗೆ ತಿಳಿಸಿ. ಮಧ್ಯಾಹ್ನ ಅವರು ಊಟಕ್ಕೆ ಕೂರುವ ಹೊತ್ತಿಗೆ ಬರುತ್ತೇವೆ, ಕೆಲಸ ಕೆಡಿಸೋದಿಲ್ಲ. ಪಾಲಿನ ಕಾಗದ ಬರೆದುಕೊಡುವ ವಕೀಲರು ಯಾರಾದರೂ ಒಂದು ಗಂಟೆ ಕೊಟ್ಟರೆ ಇನ್ನೂ ಒಳ್ಳೆಯದು.