ಸ್ಪೋರ್ಟ್ಸ್ ಸೆಡಾನಿಗೆ ಚಳಿಗಾಲ: ಟೈರು ಮೊದಲು, ಸದ್ದು ಕೊನೆಗೆ

ನಮ್ಮವರು ಕಾರು ಮಾಡಿಫೈ ಮಾಡಿಸಲು ಹೊರಟರೆ ಮೊದಲು ಕೈ ಹಾಕುವುದು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಭಾಗಕ್ಕೆ. ದೊಡ್ಡ ಅಲಾಯ್ ವೀಲ್, ಜೋರು ಸದ್ದಿನ ಎಕ್ಸಾಸ್ಟ್, ನೆಲಕ್ಕೆ ಹತ್ತಿರ ಇಳಿಸಿದ ಬಾಡಿ. ದುಡ್ಡು ಉಳಿದರೆ ಇಂಜಿನ್ ಟ್ಯೂನಿಂಗ್. ಟೈರಿನ ವಿಚಾರ ಕೊನೆಗೆ, ಅದೂ ಸವೆದು ನುಣ್ಣಗಾದ ಮೇಲೆ. ಬಿಸಿಲು, ಮಳೆ ಎರಡೇ ಇರುವ ಕಡೆ ಈ ಕ್ರಮ ಹೇಗೋ ನಡೆದುಹೋಗುತ್ತದೆ. ಹಿಮ ಬೀಳುವ ಕಡೆ ನಡೆಯುವುದಿಲ್ಲ. ಇಲ್ಲಿ ಟೈರು ಮೊದಲು. ಆಮೇಲೆ ಗಾಡಿಯ ಅಡಿಭಾಗ. ಅದರ ಹಿಂದೆ ಬ್ರೇಕು, ಬ್ಯಾಟರಿ. ಸದ್ದು ಕೊನೆಗೆ. ಚಳಿ ನಾಡಿಗೆ ಬಂದು ಸುಬಾರು ಡಬ್ಲ್ಯೂಆರ್‌ಎಕ್ಸ್, ಆಡಿ ಎಸ್4, ಬಿಎಂಡಬ್ಲ್ಯೂ ಎಂ340ಐ ಥರದ ಗಾಡಿ ಕೊಳ್ಳುವ ನಮ್ಮ ಹುಡುಗರಿಗೆ ನಾನು ಹೇಳುವುದು ಇಷ್ಟೇ. ಅವರು ಕೇಳುವುದಿಲ್ಲ, ಆ ಮಾತು ಬೇರೆ.

'ಆಲ್ ವೀಲ್ ಡ್ರೈವ್ ಇದೆಯಲ್ಲ, ಬೇರೆ ಟೈರು ಯಾಕೆ?' ಅನ್ನುವುದು ಅವರ ಮೊದಲ ಪ್ರಶ್ನೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಗಾಡಿ ಹೊರಡುವುದು ಸುಲಭ, ಒಪ್ಪಿದೆ. ನಿಲ್ಲಿಸುವಾಗ? ಬ್ರೇಕ್ ಎಲ್ಲಾ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಇರುತ್ತದೆ. ಅಲ್ಲಿ ಆಲ್ ವೀಲ್ ಡ್ರೈವ್‌ಗೆ ಹೆಚ್ಚುಗಾರಿಕೆ ಏನೂ ಇಲ್ಲ. ತಿರುವಿನಲ್ಲಿ ಗಾಡಿಯನ್ನು ರಸ್ತೆಗೆ ಹಿಡಿದಿಡುವುದೂ ರಬ್ಬರೇ. ಇನ್ನೂ ಒಂದು ತೊಂದರೆ ಇದೆ. ಹೊರಡುವಾಗ ಚಕ್ರ ಜಾರುವುದೇ ಇಲ್ಲವಾದ್ದರಿಂದ ರಸ್ತೆ ಎಷ್ಟು ನುಣುಪಾಗಿದೆ ಅಂತ ಗೊತ್ತಾಗುವುದಿಲ್ಲ. ಆರಾಮಾಗಿ ವೇಗ ಏರಿಸುತ್ತೇವೆ. ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದಾಗ ನಿಜ ಬಯಲಾಗುತ್ತದೆ.

ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ. ಹಿಮವೇ ಬೇಕಿಲ್ಲ, ಒಣ ರಸ್ತೆಯಲ್ಲೂ ಹಿಡಿತ ಕಡಿಮೆಯಾಗುತ್ತದೆ. ಸ್ಪೋರ್ಟ್ಸ್ ಸೆಡಾನಿನ ಜೊತೆ ಬರುವ ಹೈ ಪರ್ಫಾರ್ಮೆನ್ಸ್ ಟೈರುಗಳನ್ನು ಕಡುಚಳಿಯಲ್ಲಿ ಓಡಿಸಿದರೆ ಬಿರುಕು ಬಿಡಬಹುದು ಅಂತ ತಯಾರಕರೇ ಎಚ್ಚರಿಸುತ್ತಾರೆ. ಚಳಿಗಾಲದ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೈಮೇಲೆ ನೂರಾರು ಸಣ್ಣ ಸೀಳುಗಳಿರುತ್ತವೆ. ಭಾರ ಬಿದ್ದಾಗ ಅವು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ.

ಇನ್ನು ಅಳತೆ. ನಮ್ಮವರ ಪ್ರಕಾರ ವೀಲ್ ದೊಡ್ಡದಾದಷ್ಟೂ ಗಾಡಿಗೆ ಕಳೆ. ಚಳಿಗಾಲಕ್ಕೆ ಚಿಕ್ಕದಾದಷ್ಟೂ ಒಳ್ಳೆಯದು. ಕಾರು 245/40 ಆರ್18 ಟೈರಿನ ಜೊತೆ ಬಂದಿದೆ ಅನ್ನಿ. ಅಂದರೆ ಅಗಲ 245 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 40, ರಿಮ್ಮಿನ ವ್ಯಾಸ 18 ಇಂಚು. ಚಳಿಗಾಲಕ್ಕೆ 225/50 ಆರ್17 ಹಾಕಿದರೆ ಒಟ್ಟು ವ್ಯಾಸ ಮೂರ್ನಾಲ್ಕು ಮಿಲಿಮೀಟರ್ ಮಾತ್ರ ಬದಲಾಗುತ್ತದೆ, ಸ್ಪೀಡೋಮೀಟರ್ ಹೆಚ್ಚುಕಮ್ಮಿ ಸರಿಯಾಗೇ ತೋರಿಸುತ್ತದೆ. ಟೈರು ಅಗಲ ಕಡಿಮೆಯಾದ್ದರಿಂದ ಸಡಿಲ ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಪಕ್ಕದ ಗೋಡೆ ಎತ್ತರವಾದ್ದರಿಂದ ಹಿಮ ಕರಗಿದ ಮೇಲೆ ಬಾಯಿಬಿಡುವ ಗುಂಡಿಗಳಲ್ಲಿ ರಿಮ್ ಬಗ್ಗುವುದೂ ಕಡಿಮೆ. ಲೋಡ್ ಇಂಡೆಕ್ಸ್, ಅಂದರೆ ಟೈರು ಎಷ್ಟು ಭಾರ ಹೊರಬಲ್ಲದು ಅಂತ ಹೇಳುವ ಅಂಕಿ, ಮಾತ್ರ ಕಂಪನಿ ಹೇಳಿದ್ದಕ್ಕಿಂತ ಇಳಿಯಬಾರದು. ಇಲ್ಲೇ ಒಂದು ಮಾಡಿಫಿಕೇಶನ್ ಇನ್ನೊಂದಕ್ಕೆ ಅಡ್ಡಗಾಲು ಹಾಕುವುದು: ಬೇಸಿಗೆಯಲ್ಲಿ ಖುಷಿಯಿಂದ ಬಿಗ್ ಬ್ರೇಕ್ ಕಿಟ್ ಹಾಕಿಸಿರುತ್ತಾರೆ. ನವೆಂಬರಿನಲ್ಲಿ 17 ಇಂಚಿನ ವೀಲ್ ತಂದರೆ ಬ್ರೇಕ್ ಡಿಸ್ಕನ್ನು ಅದುಮುವ ದೊಡ್ಡ ಕ್ಯಾಲಿಪರಿಗೆ ತಾಗುತ್ತದೆ, ಒಳಗೆ ಹೋಗುವುದೇ ಇಲ್ಲ. ಆದ್ದರಿಂದ ದೊಡ್ಡ ಬ್ರೇಕ್ ಬೇಕು ಅನ್ನುವವರು ಚಳಿಗಾಲದ ವೀಲ್ ಯಾವುದು ಅಂತ ಮೊದಲೇ ಯೋಚಿಸಬೇಕು. ರೇಸ್ ಟ್ರ್ಯಾಕಿಗೆಂದೇ ಮಾಡಿದ ಬ್ರೇಕ್ ಪ್ಯಾಡ್ ಅಂತೂ ಬೇಡವೇ ಬೇಡ. ಕಾದ ಮೇಲೆ ಹಿಡಿಯಲೆಂದು ಮಾಡಿದ್ದು ಅದು. ಮೈನಸ್ 20ರ ಬೆಳಿಗ್ಗೆ ಮೊದಲ ತಿರುವಿಗೆ ಅದು ಎಲ್ಲಿ ಕಾದಿರುತ್ತದೆ?

ಟೈರಿನ ವಿಚಾರಕ್ಕೆ ಒಂದೊಂದು ನಾಡಿನದು ಒಂದೊಂದು ದಾರಿ. ಕೆನಡಾದ ಕ್ವಿಬೆಕ್‌ನಲ್ಲಿ ತಾರೀಖೇ ಗೊತ್ತುಮಾಡಿದ್ದಾರೆ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಹಿಮ ಬೀಳಲಿ, ಬಿಡಲಿ. ಜರ್ಮನಿಯಲ್ಲಿ ತಾರೀಖಿಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಸರಿಯಾದ ಟೈರಿಲ್ಲದೆ ಓಡಿಸಬಾರದು, ಅಷ್ಟೇ. 2024ರ ಅಕ್ಟೋಬರಿನಿಂದ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರುವ ಟೈರೇ ಬೇಕು. ಬರೀ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಸಾಲದು. ಸ್ವೀಡನ್ನಿನಲ್ಲಿ ಎರಡೂ ಸೇರಿಸಿದ್ದಾರೆ: ಡಿಸೆಂಬರ್ 1ರಿಂದ ಮಾರ್ಚ್ 31ರ ನಡುವೆ ರಸ್ತೆಯ ಸ್ಥಿತಿ ಹಾಗಿದ್ದರೆ ಕಡ್ಡಾಯ. ಅಲ್ಲಿ ಮೊಳೆ ಹೊಡೆದ ಸ್ಟಡೆಡ್ ಟೈರಿಗೂ ಅವಕಾಶ ಇದೆ. ಆದರೆ ಮೊಳೆ ಡಾಂಬರನ್ನು ಕೆರೆದು ಧೂಳೆಬ್ಬಿಸುತ್ತದೆ ಅಂತ ಸ್ಟಾಕ್‌ಹೋಮಿನ ಹಾರ್ನ್ಸ್‌ಗಾಟನ್ ಬೀದಿಯಲ್ಲಿ 2010ರಿಂದ ಅದಕ್ಕೆ ತಡೆ ಹಾಕಿದ್ದಾರೆ. ಜಪಾನಿನವರು ಇನ್ನೂ ಮುಂದೆ ಹೋದರು. ಸಪ್ಪೊರೊ, ಸೆಂಡೈನಂಥ ಊರುಗಳಲ್ಲಿ ಇದೇ ಧೂಳು ಜನರ ಉಸಿರಾಟಕ್ಕೆ ತೊಂದರೆ ಕೊಟ್ಟಾಗ 1990ರಲ್ಲಿ ಕಾನೂನೇ ತಂದು ಮೊಳೆ ಟೈರನ್ನು ತೆಗೆದುಹಾಕಿದರು. ಮೊಳೆಯಿಲ್ಲದೆ ಬರೀ ರಬ್ಬರಿನ ಗುಣದಿಂದಲೇ ಮಂಜುಗಡ್ಡೆ ಹಿಡಿಯುವ ಟೈರುಗಳು ಅಷ್ಟು ಬೆಳೆದದ್ದರಲ್ಲಿ ಆ ಕಾನೂನಿನ ಪಾಲು ದೊಡ್ಡದು.

ಇದರಲ್ಲಿ ನನ್ನ ವೋಟು ಕ್ವಿಬೆಕ್‌ಗೆ. ಜರ್ಮನ್ನರ ನಿಯಮ ಓದಲು ಚೆನ್ನಾಗಿದೆ, ಜವಾಬ್ದಾರಿ ಓಡಿಸುವವನದ್ದು. ಆದರೆ ನಮ್ಮಂಥವರಿಗೆ ತಾರೀಖು ಬೇಕು. ಇಲ್ಲದಿದ್ದರೆ 'ಇನ್ನೊಂದು ವಾರ ನೋಡೋಣ' ಅಂತಲೇ ಮೊದಲ ಹಿಮಪಾತ ಆಗಿರುತ್ತದೆ, ಟೈರು ಬದಲಿಸುವ ಅಂಗಡಿಯ ಮುಂದೆ ಊರಿಗೆ ಊರೇ ನಿಂತಿರುತ್ತದೆ.

ಗಾಡಿ ಇಳಿಸುವ ಹುಚ್ಚಿಗೆ ಬರೋಣ. ಕಾಯ್ಲೋವರ್, ಅಂದರೆ ಉಂಗುರ ತಿರುಗಿಸಿ ಎತ್ತರ ಹೊಂದಿಸುವ ಸ್ಪ್ರಿಂಗು-ಡ್ಯಾಂಪರ್ ಜೋಡಿ, ಹಾಕಿಸಿ ಎರಡು ಬೆರಳಿನಷ್ಟು ತಗ್ಗಿಸಿದ ಸೆಡಾನ್ ಬೇಸಿಗೆಯಲ್ಲಿ ಚೆಂದ ಕಾಣುತ್ತದೆ, ಸುಳ್ಳು ಯಾಕೆ ಹೇಳಲಿ. ಹಿಮ ಬಿದ್ದ ಬೆಳಿಗ್ಗೆ ಅದರ ಮುಂದಿನ ಬಂಪರ್ ನೇಗಿಲಾಗುತ್ತದೆ. ಹಿಮ ತಳ್ಳುತ್ತಾ ತಳ್ಳುತ್ತಾ ಲಿಪ್ ಸ್ಪಾಯ್ಲರ್ ಕಿತ್ತುಬರುತ್ತದೆ. ಅಡಿಯ ಪ್ಲಾಸ್ಟಿಕ್ ತಟ್ಟೆಯ ಮೇಲೆ ಹಿಮ ತುಂಬಿ ಗಟ್ಟಿಯಾಗುತ್ತದೆ. ಗಾಡಿಯ ಹೊಟ್ಟೆ ಹಿಮದ ಗುಡ್ಡೆ ಮೇಲೆ ಕೂತುಬಿಟ್ಟರೆ ಚಕ್ರಕ್ಕೆ ಭಾರವೇ ಬೀಳುವುದಿಲ್ಲ. ಎಂಥ ಟೈರಿದ್ದರೂ ಸುಮ್ನೆ ತಿರುಗುತ್ತದೆ. 'ಎತ್ತರ ಹೊಂದಿಸಬಹುದಲ್ಲ, ಅದಕ್ಕೇ ಅಲ್ವಾ ಕಾಯ್ಲೋವರ್?' ಅನ್ನುತ್ತಾರೆ. ಹೊಂದಿಸಬಹುದು, ಅದರ ಮರೆ (ತಿರುಪಿನ ಥ್ರೆಡ್) ತಿರುಗಿದರೆ. ಒಂದು ಚಳಿಗಾಲ ಉಪ್ಪುನೀರು ಕುಡಿದ ಮರೆಗೆ ಸ್ಪ್ಯಾನರ್ ಹಾಕಿ ನೋಡಿ. ಉಂಗುರ ಅಲುಗುವುದಿಲ್ಲ, ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ಕಿತ್ತುಬರುತ್ತದೆ. ಮರೆಗೆ ಗ್ರೀಸು ಹಚ್ಚಿ, ಮೇಲೆ ಬಟ್ಟೆಯ ತೋಳು ತೊಡಿಸಿ ಕಾಪಾಡುವವರು ಇದ್ದಾರೆ. ಅಷ್ಟು ತಾಳ್ಮೆ ಇಲ್ಲದವರಿಗೆ ಕಂಪನಿಯ ಎತ್ತರವೇ ಸರಿ. ಅದೇ ಎತ್ತರದಲ್ಲಿ ಒಳ್ಳೆಯ ಡ್ಯಾಂಪರ್, ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ದಪ್ಪ ಆಂಟಿ ರೋಲ್ ಬಾರ್ ಹಾಕಿದರೂ ಗಾಡಿ ಬಿಗಿಯಾಗುತ್ತದೆ.

ಇಂಜಿನ್ ಕಡೆ ಚಳಿ ಒಂದು ಉಡುಗೊರೆಯನ್ನೂ ಕೊಡುತ್ತದೆ. ಮೈನಸ್ 20ರ ಗಾಳಿ 20 ಡಿಗ್ರಿಯ ಗಾಳಿಗಿಂತ ನೂರಕ್ಕೆ ಹದಿನೈದರಷ್ಟು ಸಾಂದ್ರ. ಟರ್ಬೊ ಗಾಡಿ ಚುರುಕಾಗುವುದು ಕಾಲಿಗೇ ಗೊತ್ತಾಗುತ್ತದೆ. ಅದೇ ಚಳಿ ಸೂಕ್ಷ್ಮವಾಗಿ ಕಿತ್ತುಕೊಳ್ಳುವುದೂ ಇದೆ. ಬಿಸಿ ನಾಡಿನವರಿಗೆ ಹೊಳೆಯದ ಒಂದು ಸಂಗತಿ ಹೇಳುತ್ತೇನೆ. ಇಂಜಿನ್ ಉಸಿರಿನ ಜೊತೆ ಬರುವ ಎಣ್ಣೆಯನ್ನು ಹಿಡಿಯಲು ಆಯಿಲ್ ಕ್ಯಾಚ್ ಕ್ಯಾನ್ ಅಂತ ಒಂದು ಡಬ್ಬಿ ಹಾಕಿಸುತ್ತಾರೆ. ನೇರ ಇಂಜೆಕ್ಷನ್ ಇಂಜಿನ್‌ಗಳಿಗೆ ಒಳ್ಳೆಯದೇ. ಚಳಿಗಾಲದಲ್ಲಿ ಆ ಡಬ್ಬಿಯಲ್ಲಿ ಎಣ್ಣೆಗಿಂತ ನೀರು ಜಾಸ್ತಿ ಸೇರುತ್ತದೆ. ಮುಚ್ಚಳ ಬಿಚ್ಚಿದರೆ ಮಜ್ಜಿಗೆ ಬಣ್ಣದ ರಾಡಿ. ಅದು ರಾತ್ರಿ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಬೆಳಿಗ್ಗೆ ಇಂಜಿನ್ ಉಸಿರು ಬಿಡಲು ಜಾಗವಿಲ್ಲ. ಒಳಗಿನ ಒತ್ತಡ ಏರಿ ಆಯಿಲ್ ಸೀಲನ್ನೇ ಹೊರಗೆ ತಳ್ಳಬಹುದು. ಒಂದು ಸಣ್ಣ ಡಬ್ಬಿಗೆ ಇಂಜಿನ್ ಇಳಿಸುವ ಕೆಲಸ. ಹಾಕಿಸಿದವರು ಚಳಿಗಾಲದಲ್ಲಿ ಪದೇ ಪದೇ ಖಾಲಿ ಮಾಡಬೇಕು, ಇಲ್ಲವೇ ನವೆಂಬರಿನಲ್ಲಿ ಬಿಚ್ಚಿಟ್ಟು ಮೊದಲಿನ ಪೈಪು ಜೋಡಿಸಬೇಕು. ಇಂಜಿನ್‌ಗೆ ಹೊರಗಿನ ತಣ್ಣನೆ ಗಾಳಿ ಎಳೆಯಲು ಬಂಪರಿನ ಕೆಳಗಿನವರೆಗೆ ಇಳಿಸಿದ ಕೋಲ್ಡ್ ಏರ್ ಇನ್‌ಟೇಕ್‌ಗೂ ಇದೇ ಮಾತು. ಪುಡಿ ಹಿಮ ಎಳೆದುಕೊಂಡು ಫಿಲ್ಟರ್ ಮೇಲೆ ಐಸ್ ಕಟ್ಟುತ್ತದೆ.

ಇಷ್ಟೆಲ್ಲ ಆದರೂ ಹಿಮ ದೊಡ್ಡ ಶತ್ರುವಲ್ಲ. ಉಪ್ಪು. ರಸ್ತೆಯ ಮಂಜುಗಡ್ಡೆ ಕರಗಿಸಲು ಸುರಿಯುವ ಉಪ್ಪು ನೀರನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಅಂದರೆ ಗಾಡಿಯ ಅಡಿ ಚಳಿಗಾಲವಿಡೀ ಒದ್ದೆ. ಚಳಿ ಇನ್ನೂ ಜಾಸ್ತಿಯಾದರೆ ಸಾದಾ ಉಪ್ಪು ಸಾಲದು ಅಂತ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಷಿಯಂ ಕ್ಲೋರೈಡ್ ಬಳಸುತ್ತಾರೆ. ಅವು ಗಾಳಿಯಿಂದಲೇ ತೇವ ಎಳೆಯುವಂಥವು. ರಸ್ತೆ ಒಣಗಿದರೂ ಸಂದಿಯಲ್ಲಿ ಕೂತ ಅವು ಒಣಗುವುದಿಲ್ಲ. ಸ್ಪೋರ್ಟ್ಸ್ ಸೆಡಾನ್‌ಗಳಲ್ಲಿ ತೂಕ ಇಳಿಸಲು ಸಸ್ಪೆನ್ಷನ್ ತೋಳುಗಳನ್ನು ಅಲ್ಯೂಮಿನಿಯಂನಲ್ಲಿ ಮಾಡಿರುತ್ತಾರೆ, ಬೋಲ್ಟು ಉಕ್ಕಿನದು. ಎರಡು ಲೋಹ, ನಡುವೆ ಉಪ್ಪುನೀರು. ಕೆಲವು ವರ್ಷದಲ್ಲಿ ಬೋಲ್ಟು ತೋಳಿಗೇ ಕಚ್ಚಿಕೊಳ್ಳುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಲೂ ಬೋಲ್ಟು ಕೊಯ್ಯಬೇಕಾದೀತು.

ಅಂಡರ್‌ಕೋಟಿಂಗ್ ಅಂದರೆ ನಮ್ಮವರಿಗೆ ಗೊತ್ತಿರುವುದು ಕಪ್ಪು ರಬ್ಬರಿನ ಲೇಪ. ಹೊಸ ಗಾಡಿಗೆ ಒಮ್ಮೆ ಹೊಡೆಸಿದರೆ ಮುಗಿಯಿತು ಅನ್ನುವ ನೆಮ್ಮದಿ. ಉಪ್ಪಿನ ನಾಡಿನಲ್ಲಿ ನಾನು ಅದನ್ನು ನಂಬುವುದಿಲ್ಲ. ಕಲ್ಲು ಬಡಿದು ಒಂದು ಕಡೆ ಸೀಳು ಬಿಟ್ಟರೆ ಉಪ್ಪುನೀರು ಒಳಗೆ ಸೇರುತ್ತದೆ, ಹೊರಗೆ ಬರುವುದಿಲ್ಲ. ಮೇಲೆ ಕಪ್ಪಗೆ ಚೆನ್ನಾಗಿ ಕಾಣುತ್ತಾ ಒಳಗೆ ತುಕ್ಕು ತಿನ್ನುತ್ತದೆ. ಇಲ್ಲಿನವರು ಎಣ್ಣೆ ಅಥವಾ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ ಲ್ಯಾನೊಲಿನ್ ಲೇಪ ಸಿಂಪಡಿಸುತ್ತಾರೆ. ಅದು ಒಣಗುವುದಿಲ್ಲ, ಸಂದಿಗಳಿಗೆ ಇಳಿಯುತ್ತದೆ, ಗೀರು ಬಿದ್ದರೆ ತಾನೇ ಹರಡಿಕೊಳ್ಳುತ್ತದೆ. ಪ್ರತಿ ವರ್ಷ ಹೊಡೆಸಬೇಕು, ಕೆಲವು ದಿನ ನೆಲದ ಮೇಲೆ ಎಣ್ಣೆ ತೊಟ್ಟಿಕ್ಕುತ್ತದೆ, ಒಂದು ಥರ ವಾಸನೆ. ಆದರೂ ಕೆಲಸಕ್ಕೆ ಬರುವುದು ಅದೇ. ಬ್ರೇಕ್ ಡಿಸ್ಕಿಗೂ ಎಕ್ಸಾಸ್ಟಿಗೂ ತಾಗದಂತೆ, ಬಾಗಿಲ ಕೆಳಗಿನ ನೀರು ಹರಿಯುವ ತೂತು ಮುಚ್ಚದಂತೆ ನೋಡಿಕೊಂಡರೆ ಸಾಕು.

ಗಾಡಿ ತೊಳೆಯುವಾಗಲೂ ಅಷ್ಟೇ. ಬಾನೆಟ್ ಉಜ್ಜಿ ಮಿಂಚಿಸಿ ಏನೂ ಪ್ರಯೋಜನವಿಲ್ಲ. ನೀರು ಕೆಳಗಿನಿಂದ ಹೊಡೆಯಬೇಕು. ಸೊನ್ನೆ ಡಿಗ್ರಿ ದಾಟಿದ ದಿನ ನೋಡಿಕೊಂಡು ತೊಳೆದರೆ ಬಾಗಿಲು ಹೆಪ್ಪುಗಟ್ಟುವುದಿಲ್ಲ. ಬಾಗಿಲ ರಬ್ಬರಿಗೆ ಸ್ವಲ್ಪ ಸಿಲಿಕೋನ್ ಹಚ್ಚಿದರೆ ಇನ್ನೂ ಒಳ್ಳೆಯದು. ಉಪ್ಪು ಮೆತ್ತಿದ ಗಾಡಿಯನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ತುಕ್ಕು ಬೇಗ ಏರುತ್ತದೆ. ಬಿಸಿಯಾದಷ್ಟೂ ತುಕ್ಕಿನ ಕೆಲಸ ಚುರುಕು. ಗಾಡಿಯ ಮೇಲಿನ ಪ್ರೀತಿಯಿಂದಲೇ ಗಾಡಿ ಹಾಳುಮಾಡುವ ದಾರಿ ಇದು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಮೈನಸ್ 18ರಲ್ಲಿ ಬ್ಯಾಟರಿಯ ಕಸುವು ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ, ಮುದಿ ಬ್ಯಾಟರಿಯನ್ನು ಅಕ್ಟೋಬರಿನಲ್ಲೇ ಬದಲಿಸಿ. ಚಳಿಯಲ್ಲೂ ತೆಳ್ಳಗೆ ಹರಿಯುವ, ಕಂಪನಿ ಒಪ್ಪಿದ 0ಡಬ್ಲ್ಯೂ ಇಂಜಿನ್ ಆಯಿಲ್ ಹಾಕಿ. ಕೂಲಂಟಿಗೆ ನೀರು ಬೆರೆಸದೆ ಹಾಗೇ ಸುರಿದರೆ ಇನ್ನೂ ಒಳ್ಳೆಯದು ಅನ್ನುವ ಲೆಕ್ಕ ತಪ್ಪು: ಬರೀ ಎಥಿಲೀನ್ ಗ್ಲೈಕಾಲ್ ಸುಮಾರು ಮೈನಸ್ 13ಕ್ಕೇ ಹೆಪ್ಪುಗಟ್ಟುತ್ತದೆ, ಅರ್ಧಕ್ಕರ್ಧ ನೀರು ಬೆರೆಸಿದರೆ ಮೈನಸ್ 37ರವರೆಗೆ ತಡೆಯುತ್ತದೆ. ಚಳಿಗೆ ಟೈರಿನ ಗಾಳಿ ಕುಗ್ಗುತ್ತದೆ, ಪ್ರತಿ 5-6 ಡಿಗ್ರಿಗೆ ಒಂದು ಪಿಎಸ್ಐ ಲೆಕ್ಕ. ಹೆದ್ದಾರಿಯಲ್ಲಿ ಸ್ಟೀರಿಂಗ್ ಗಡಗಡ ನಡುಗಿದರೆ ಮೆಕ್ಯಾನಿಕ್ ಹತ್ತಿರ ಓಡುವ ಮೊದಲು ರಿಮ್ಮಿನ ಒಳಮೈ ನೋಡಿ. ಅಲ್ಲಿ ಒಂದು ಮುದ್ದೆ ಐಸ್ ಕಟ್ಟಿರುತ್ತದೆ. ತಟ್ಟಿ ಉದುರಿಸಿದರೆ ನಡುಕ ಮಾಯ.

ಇಷ್ಟು ಪಾಡು ಯಾಕೆ ಅಂತ ಉತ್ತರ ಅಮೆರಿಕದ ಹಲವರು ಇನ್ನೊಂದು ದಾರಿ ಹಿಡಿದಿದ್ದಾರೆ. ಒಳ್ಳೆಯ ಗಾಡಿಗೆ ಹೊದಿಕೆ ಹೊದಿಸಿ ನಾಲ್ಕೈದು ತಿಂಗಳು ಮಲಗಿಸುತ್ತಾರೆ. ಚಳಿಗಾಲಕ್ಕೆ ತುಕ್ಕು ಹಿಡಿದ ಒಂದು ಡಕೋಟಾ ಗಾಡಿ. ಎರಡು ಬಾಗಿಲಿನ ಕಾರಿಗಾದರೆ ಇದು ಸರಿ. ನಾಲ್ಕು ಬಾಗಿಲು, ಡಿಕ್ಕಿ, ಹೀಟರ್ ಇರುವ ಕಾರನ್ನು ಮಲಗಿಸುವುದು ನನಗೆ ಒಪ್ಪಿಗೆಯಿಲ್ಲ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ವರ್ಷವಿಡೀ ಓಡಾಡಲಿ ಅಂತಲೇ ಅಲ್ವಾ ಸೆಡಾನ್ ತೆಗೆದುಕೊಂಡದ್ದು? ಇನ್ನೊಂದು ವಿಚಾರ: ಮಕ್ಕಳನ್ನು ಕೂರಿಸಿಕೊಂಡು ಜಾರುವ ರಸ್ತೆಗೆ ಹೋಗುವಾಗ ಒಳ್ಳೆಯ ಬ್ರೇಕಿರುವ ಗಾಡಿ ಮನೆಯಲ್ಲಿ, ಹಳೇ ಡಬ್ಬ ರಸ್ತೆಯಲ್ಲಿ. ಇದು ಯಾವ ಜಾಣತನ?

ಕಾಗದಪತ್ರದ ವಿಚಾರದಲ್ಲಿ ನನಗೆ ಹಿಡಿಸಿದ್ದು ಜರ್ಮನ್ ಕ್ರಮ. ಭಾರತದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಅಂದಿತು. ಜರ್ಮನಿಯಲ್ಲಿ ಬದಲಿಸಬಹುದು, ಆದರೆ ಆ ಬಿಡಿಭಾಗಕ್ಕೆ ಪರೀಕ್ಷೆಯ ದಾಖಲೆ ಇರಬೇಕು. ಎಷ್ಟೋ ಬದಲಾವಣೆಗಳನ್ನು ಟಿಯುವಿಯಂಥ ತಪಾಸಣಾ ಸಂಸ್ಥೆಯ ಎಂಜಿನಿಯರ್ ಕಣ್ಣಾರೆ ನೋಡಿ ಒಪ್ಪಬೇಕು. ವೀಲಿನ ಅಳತೆಗೂ ಇದು ಅನ್ವಯಿಸುತ್ತದೆ. ಕಿರಿಕಿರಿ ಜಾಸ್ತಿ, ನಿಜ. ಆದರೆ ಪಕ್ಕದ ಲೇನಿನಲ್ಲಿ ಹೋಗುವ ತಗ್ಗಿಸಿದ ಗಾಡಿಯ ಸ್ಪ್ರಿಂಗನ್ನು ಯಾರೋ ಒಬ್ಬರು ನೋಡಿದ್ದಾರೆ ಅನ್ನುವ ಧೈರ್ಯ ಇರುತ್ತದೆ.

ಎರಡು ಜೊತೆ ವೀಲ್ ಇಟ್ಟುಕೊಳ್ಳುವವರು ವರ್ಷಕ್ಕೆರಡು ಸಲ ಅವನ್ನು ತಾವೇ ಬದಲಿಸಿದರೆ ಒಳ್ಳೆಯದು. ನಮ್ಮವರಲ್ಲಿ ಹಲವರಿಗೆ ಜಾಕ್ ಮುಟ್ಟಲು ಹಿಂಜರಿಕೆ. ನಟ್ಟು ಎಲ್ಲಾ ಬಿಚ್ಚಿದ ಮೇಲೂ ಅಲಾಯ್ ವೀಲ್ ತಾನು ಕೂರುವ ನಡುಭಾಗವಾದ ಹಬ್‌ಗೆ ಅಂಟಿಕೊಂಡೇ ಇರುತ್ತದೆ, ತುಕ್ಕಿನ ಕೆಲಸ. ಟೈರಿನ ಪಕ್ಕಕ್ಕೆ ಹಿಮ್ಮಡಿಯಿಂದ ಒದ್ದರೆ ಟಕ್ ಅಂತ ಬಿಡುತ್ತದೆ. ಒದೆಯುವಾಗ ಗಾಡಿ ಜಾಕ್ ಸ್ಟ್ಯಾಂಡ್ ಮೇಲಿರಲಿ, ಒಂದೆರಡು ನಟ್ಟು ಸಡಿಲವಾಗಿ ಮರೆಗೆ ಸಿಕ್ಕಿಕೊಂಡೇ ಇರಲಿ. ಹಬ್ಬಿನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ, ನಡುವಿನ ಅಂಚಿಗೆ ಲೋಹ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಜಿಡ್ಡನ್ನು ತೆಳ್ಳಗೆ ಸವರಬೇಕು. ನಟ್ಟಿನ ಮರೆಗೆ ಹಚ್ಚಬಾರದು. ಹಚ್ಚಿದರೆ ಟಾರ್ಕ್ ರೆಂಚ್ ಹೇಳುವ ಬಿಗಿಗಿಂತ ನಿಜವಾದ ಬಿಗಿ ಜಾಸ್ತಿಯಾಗುತ್ತದೆ. ಚಕ್ರ ಬಿಚ್ಚಿರುವಾಗಲೇ ಕ್ಯಾಲಿಪರಿನ ಪಿನ್ನು ಜಾರುತ್ತದೆಯೇ, ಬ್ರೇಕ್ ಪೈಪಿಗೆ ತುಕ್ಕು ಹತ್ತಿದೆಯೇ ಅಂತ ಟಾರ್ಚ್ ಹಾಕಿ ನೋಡಬಹುದು. ಮತ್ತೆ ಚಕ್ರ ಹಾಕಿ ಐವತ್ತು, ನೂರು ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳ ಬಿಗಿ ಇನ್ನೊಮ್ಮೆ ಪರೀಕ್ಷಿಸಬೇಕು.