ಮಿನಿಯೇಚರ್‌ನಲ್ಲಿ ಇರುವುದು ಅಳತೆಯಲ್ಲ, ಬಣ್ಣ

ಪುಟ್ಟ ಭಾವಚಿತ್ರಗಳ ಕಲೆಯ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಪುಟ್ಟ ಭಾವಚಿತ್ರಕ್ಕೆ ‘ಮಿನಿಯೇಚರ್’ ಎಂಬ ಹೆಸರು ‘ಮಿನಿ’, ಅಂದರೆ ಚಿಕ್ಕದು ಎಂಬ ಪದದಿಂದ ಬಂತು ಎಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಮೂಲ ಪದ ಲ್ಯಾಟಿನ್ನಿನ ‘ಮಿನಿಯಂ’: ಸೀಸದಿಂದ ತಯಾರಿಸುವ ಕೆಂಪು, ನಮ್ಮ ಸಿಂಧೂರದಂಥದ್ದು. ಹಸ್ತಪ್ರತಿಗಳ ಮೊದಲಕ್ಷರಕ್ಕೆ ಆ ಕೆಂಪು ಹಚ್ಚುವುದೇ ‘ಮಿನಿಯಾರೆ’. ಅದು ಇಟಾಲಿಯನ್ನಿನಲ್ಲಿ ‘ಮಿನಿಯಾತೂರಾ’ ಆಗಿ ಇಂಗ್ಲಿಷಿಗೆ ಬಂತು. ಪುಸ್ತಕದೊಳಗಿನ ಚಿತ್ರಗಳು ಚಿಕ್ಕವು, ಪದವೂ ‘ಮಿನಿಮಮ್’ ಥರ ಕೇಳಿಸುತ್ತದೆ, ಹಾಗಾಗಿ ಅರ್ಥ ಜಾರಿತು. ನಾವು ಹತ್ತುವ ಮಿನಿಬಸ್ಸಿನ ‘ಮಿನಿ’ಯೇ 20ನೇ ಶತಮಾನದಲ್ಲಿ ಮಿನಿಯೇಚರನ್ನು ಮೊಟಕು ಮಾಡಿ ಪಡೆದದ್ದು!

ಈ ಕಲೆಗೆ ಇಂಗ್ಲಿಷಿನಲ್ಲಿದ್ದ ಹಳೆಯ ಹೆಸರು ‘ಲಿಮ್ನಿಂಗ್’. ಆ ಪದವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದು ಬೇಸರ ತಂದಿತು. ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಯ ಚಿತ್ರ ಬರೆದ ನಿಕೋಲಸ್ ಹಿಲಿಯರ್ಡ್ 1600ರ ಸುಮಾರಿಗೆ ತನ್ನ ಕಲೆಯ ಬಗ್ಗೆ ಬರೆದಾಗ ಬಳಸಿದ ಹೆಸರು ಅದೇ. ಅದರ ಬೇರು ಲ್ಯಾಟಿನ್ನಿನ ‘ಲುಮಿನಾರೆ’, ಬೆಳಗಿಸು ಎಂದರ್ಥ. ಹಸ್ತಪ್ರತಿಗೆ ಬಣ್ಣ, ಚಿನ್ನ ಹಚ್ಚಿ ಬೆಳಗಿಸುವ ಕೆಲಸ. ಎರಡು ಪದವೂ ಹುಟ್ಟಿದ್ದು ಪುಸ್ತಕದ ಪುಟದಲ್ಲೇ, ಗೋಡೆಯ ಮೇಲಲ್ಲ. ಹಿಲಿಯರ್ಡನ ಚಿತ್ರಗಳಲ್ಲೂ ಆ ಗುರುತಿದೆ: ಹಸ್ತಪ್ರತಿಗೆ ಬಳಸುತ್ತಿದ್ದ ನಯವಾದ ಕರುವಿನ ಚರ್ಮವನ್ನೇ ಇಸ್ಪೀಟ್ ಎಲೆಗೆ ಅಂಟಿಸಿ, ಅಂಗೈಯೊಳಗೆ ಹಿಡಿಸುವಷ್ಟರಲ್ಲಿ ಮುಖ ಬರೆಯುತ್ತಿದ್ದ. ಕೆಲವು ಚಿತ್ರಗಳನ್ನು ತಿರುವಿದರೆ ಎಲೆಯ ಆಟೀನು ಗುರುತು ಇವತ್ತಿಗೂ ಕಾಣುತ್ತದೆ.